ಕಾಲಿಗಲ್ಲ, ಕೈಗೆ ನೋಡಿ ಕೊಳ್ಳಿ: ಮೈಯ ಅಳತೆಯಿಂದ ರೋಡ್ ಬೈಕ್ ಆರಿಸುವ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ರೋಡ್ ಬೈಕ್ ಕೊಂಡದ್ದು ಹತ್ತೇ ನಿಮಿಷದಲ್ಲಿ. ಅಂಗಡಿಯವರು ಆಚೆ ಒಂದು ಕಾಲು ಈಚೆ ಒಂದು ಕಾಲು ಹಾಕಿಸಿ ನಿಲ್ಲಿಸಿದರು. ಮೇಲಿನ ಪೈಪಿಗೂ ನನಗೂ ನಡುವೆ ಎರಡು ಬೆರಳು ಜಾಗ ಇತ್ತು. "ಬರೋಬ್ಬರಿ ಅದ ನೋಡ್ರಿ ಸರ, ನಿಮ್ಮ ಸಲುವಾಗೇ ಮಾಡಿದಂಗ ಅದ" ಅಂದರು. ನಾನು ನಂಬಿ ದುಡ್ಡು ಕೊಟ್ಟು ಬಂದೆ.

ವಿಜಯಪುರದಿಂದ ಕೊಲ್ಹಾರದ ಕೃಷ್ಣಾ ಸೇತುವೆಯವರೆಗೆ ಹೋದ ಮೊದಲ ಭಾನುವಾರವೇ ತಪ್ಪು ಗೊತ್ತಾಯಿತು. ಸೇತುವೆ ಅರ್ಧ ದಾಟುವಷ್ಟರಲ್ಲಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದಿದ್ದವು. ಮನೆಗೆ ಬಂದಾಗ ಕುತ್ತಿಗೆ ತಿರುಗುತ್ತಿರಲಿಲ್ಲ. ಆರು ತಿಂಗಳು ಸೀಟನ್ನು ಮುಂದೆ ಎಳೆದೆ, ಹ್ಯಾಂಡಲ್ ಮೇಲೆತ್ತಿದೆ, ದಪ್ಪ ಗ್ಲೌಸ್ ಹಾಕಿದೆ. ಆಮೇಲೆ ಒಬ್ಬ ಹಳೆಯ ರೇಸ್ ಸವಾರರು ಟೇಪು ಹಿಡಿದು ನೋಡಿ, ಫ್ರೇಮೇ ನಿಮಗೆ ಉದ್ದ ಆಯ್ತು ಅಂದರು. ಅರ್ಧ ಬೆಲೆಗೆ ಮಾರಿದೆ.

ಆ ಆರು ತಿಂಗಳಲ್ಲಿ ಕಲಿತದ್ದು ಒಂದೇ ಮಾತು. ಕಾಲು ಹೆಚ್ಚುಕಡಿಮೆ ಯಾವ ಫ್ರೇಮಿಗೂ ಹೊಂದುತ್ತದೆ. ಸೀಟು ಏರಿಸಿದರೆ, ಇಳಿಸಿದರೆ ಮುಗಿಯಿತು. ಕೈ, ಬೆನ್ನು, ಕುತ್ತಿಗೆ ಹಾಗೆ ಹೊಂದುವುದಿಲ್ಲ. ಅಂಗಡಿಯಲ್ಲಿ ಎಲ್ಲರೂ ನೋಡುವುದು ಮಾತ್ರ ಕಾಲನ್ನೇ!

ಈಚೆಗೆ ಅಕ್ಕನ ಮಗನಿಗೆ ಸೈಕಲ್ ಕೊಳ್ಳಬೇಕಾಯಿತು. ಕಾಲೇಜು ಹುಡುಗ, ಎತ್ತರ 170 ಸೆಂ.ಮೀ. ಈ ಸಲ ದುಡ್ಡಿಗಿಂತ ಮೊದಲು ಟೇಪು ಹೊರಗೆ ತೆಗೆದೆ. ಅವನ ಅಂಕಿಗಳನ್ನೇ ಇಲ್ಲಿ ಉದಾಹರಣೆಗೆ ಇಡುತ್ತೇನೆ. (ರೋಡ್ ಬೈಕ್ ಅಂದರೆ ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್. ನಮ್ಮೂರಲ್ಲಿ ಬರೀ ಬೈಕ್ ಅಂದರೆ "ಎಷ್ಟು ಸಿಸಿ?" ಅಂತ ಕೇಳುತ್ತಾರೆ.)

ಮೊದಲು ಮೈಯ ಅಳತೆ

ಬೇಕಾಗುವ ಸಾಮಾನು ಮನೆಯಲ್ಲೇ ಇರುತ್ತದೆ. ಲೋಹದ ಟೇಪು, ಪೆನ್ಸಿಲ್, ಗಟ್ಟಿ ರಟ್ಟಿನ ಪುಸ್ತಕ, ಒಂದು ದಾರ, ಅದರ ತುದಿಗೆ ಕಟ್ಟಲು ಒಂದು ನಟ್ಟು. ಗೌಂಡಿಯವರ ರಸಮಟ್ಟ ಸಿಕ್ಕರೆ ಇನ್ನೂ ಒಳ್ಳೆಯದು. ಅಳೆಯಲು ಇನ್ನೊಬ್ಬರು ಬೇಕೇ ಬೇಕು. ಒಬ್ಬರೇ ಬಗ್ಗಿ ನೋಡಿಕೊಂಡರೆ ಅಳತೆ ತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಒಳಗಾಲಿನ ಅಳತೆ, ಅಂದರೆ ಇನ್‌ಸೀಮ್. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿ. ಪಾದಗಳ ನಡುವೆ ಒಂದು ಗೇಣಿನಷ್ಟು ಅಂತರ ಇರಲಿ. ಪುಸ್ತಕವನ್ನು ಕಾಲುಗಳ ನಡುವೆ ಇಟ್ಟು ಮೇಲಕ್ಕೆ ಒತ್ತಿ. ಎಷ್ಟು ಒತ್ತಬೇಕು? ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು. ನಾಚಿಕೊಂಡು ಸುಮ್ನೆ ತಾಗಿಸಿದರೆ ಒಂದೆರಡು ಸೆಂಟಿಮೀಟರ್ ಕಡಿಮೆ ಬರುತ್ತದೆ, ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಪುಸ್ತಕದ ಒಂದು ಅಂಚು ಗೋಡೆಗೆ ಪೂರ್ತಿ ಅಂಟಿರಲಿ, ಆಗ ಅದು ವಾಲುವುದಿಲ್ಲ. ಮೇಲಿನ ಅಂಚಿಗೆ ಗೋಡೆ ಮೇಲೆ ಗೆರೆ ಎಳೆದು ನೆಲದಿಂದ ಅಳೆಯಿರಿ. ಮೂರು ಸಲ ಮಾಡಿ, ಸರಾಸರಿ ತೆಗೆಯಿರಿ.

ದರ್ಜಿ ಪ್ಯಾಂಟಿಗೆ ತೆಗೆದ ಅಳತೆ ಇಲ್ಲಿ ನಡೆಯುವುದಿಲ್ಲ. ಅದು ಬಟ್ಟೆಯ ಅಳತೆ, ಇದು ಮೂಳೆಯ ಅಳತೆ. ನಮ್ಮ ಹುಡುಗನದು 79 ಸೆಂ.ಮೀ. ಬಂತು.

79ನ್ನು 170ರಿಂದ ಭಾಗಿಸಿದರೆ ಸುಮಾರು 46.5%. ಹೆಚ್ಚಿನವರದು 45ರಿಂದ 48ರ ನಡುವೆ ಬರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಕಾಲು ಉದ್ದ, ಸೊಂಟದ ಮೇಲಿನ ಮೈ ಗಿಡ್ಡ. ಅಂಥವರಿಗೆ ಎತ್ತರ ನೋಡಿ ಕೊಟ್ಟ ಫ್ರೇಮು ಉದ್ದವಾಗಿಬಿಡುತ್ತದೆ. ನನ್ನ ಕಥೆಯೂ ಅದೇ. ನಿಂತು ನೋಡಿದಾಗ ಕಾಲು ಉದ್ದ ಇದ್ದದ್ದಕ್ಕೆ ದೊಡ್ಡ ಫ್ರೇಮು ಸರಿ ಅನ್ನಿಸಿತು.

ಆಮೇಲೆ ಕೈ. ಗೋಡೆಗೆ ಬೆನ್ನು ಹಚ್ಚಿ ಎರಡೂ ಕೈ ಅಗಲಕ್ಕೆ ಚಾಚಿ, ನಡುಬೆರಳಿನ ತುದಿಯಿಂದ ತುದಿಗೆ ಅಳೆಯಿರಿ. ಸಾಮಾನ್ಯವಾಗಿ ಅದು ಎತ್ತರದಷ್ಟೇ ಇರುತ್ತದೆ. ನಾಲ್ಕೈದು ಸೆಂ.ಮೀ. ಜಾಸ್ತಿ ಇದ್ದರೆ ಸ್ವಲ್ಪ ಉದ್ದನೆಯ ಸೈಕಲ್ ನಡೆಯುತ್ತದೆ, ಕಡಿಮೆ ಇದ್ದರೆ ಗಿಡ್ಡದ್ದು ಬೇಕು. ಭುಜದ ಮೇಲೆ ಎರಡೂ ಕಡೆ ಎಲುಬಿನ ಗುಬ್ಬಿ ಕೈಗೆ ಸಿಗುತ್ತದಲ್ಲ, ಅವೆರಡರ ನಡುವಿನ ಅಂತರ ಹ್ಯಾಂಡಲ್ಲಿನ ಅಗಲಕ್ಕೆ. ಹ್ಯಾಂಡಲ್‌ಗಳು 38, 40, 42, 44 ಸೆಂ.ಮೀ. ಹೀಗೆ ಬರುತ್ತವೆ. ಹೆಣ್ಣುಮಕ್ಕಳಿಗೆ ಎಷ್ಟೋ ಸಲ 38, ಕೆಲವರಿಗೆ 36 ಸರಿಯಾಗುತ್ತದೆ. ಹ್ಯಾಂಡಲ್ ಅಗಲ ಆದರೆ ಕೈಯೂ ದೂರ ಹೋಗುತ್ತದೆ ಅನ್ನುವುದು ನೆನಪಿರಲಿ.

ಬೆನ್ನು ಎಷ್ಟು ಬಗ್ಗುತ್ತದೆ ಅಂತ ನೋಡಲು ಟೇಪು ಬೇಡ. ಮೊಣಕಾಲು ಮಡಚದೆ ಬಗ್ಗಿ. ಅಂಗೈ ನೆಲಕ್ಕೆ ತಾಗಿದರೆ ರೇಸ್ ಫ್ರೇಮು ನೋಡಬಹುದು. ಬೆರಳು ಪಾದ ಮುಟ್ಟಿದರೆ ನಡುವಿನದು. ಮೊಣಕಾಲಿನ ಕೆಳಗೇ ನಿಂತರೆ ಹ್ಯಾಂಡಲ್ ಎತ್ತರ ಇರುವ ಫ್ರೇಮನ್ನೇ ಹುಡುಕಿ. ಇಲ್ಲಿ ಯಾರೂ ಮುಖ ನೋಡಿ ಹೊಗಳುವುದಿಲ್ಲ, ಸುಳ್ಳು ಹೇಳಿಕೊಳ್ಳಬೇಡಿ.

ಇನ್ನೊಂದಿದೆ, ಕೂರುವ ಎಲುಬಿನ ಅಳತೆ. ಗಟ್ಟಿ ಮೆಟ್ಟಿಲ ಮೇಲೆ ಪಾರ್ಸೆಲ್ ಡಬ್ಬದ ಸುಕ್ಕುರಟ್ಟು ಹಾಕಿ, ತೆಳು ಚಡ್ಡಿಯಲ್ಲಿ ಅದರ ಮೇಲೆ ಒತ್ತಿ ಕೂರಬೇಕು. ಎರಡು ಗುಳಿ ಬೀಳುತ್ತವೆ. ಅವುಗಳ ನಡುವಿನ ಅಂತರಕ್ಕೆ ಸುಮಾರು 2 ಸೆಂ.ಮೀ. ಕೂಡಿಸಿದರೆ ಸೀಟಿನ ಅಗಲದ ಅಂದಾಜು ಸಿಗುತ್ತದೆ. ನಮ್ಮ ಹುಡುಗ ಇದಕ್ಕೆ ಒಪ್ಪಲಿಲ್ಲ. "ಮಾಮಾ, ಅಂಗಳದಾಗ ಕೂತ್ರ ಮಂದಿ ನೋಡ್ತಾರ, ಬ್ಯಾಡ" ಅಂದ. ಬಿಟ್ಟೆ.

ಸೀಟಿನ ಎತ್ತರದ ಲೆಕ್ಕ

ಎರಡೂ ಪೆಡಲ್‌ಗಳ ತೋಳು ಸೇರಿ ತಿರುಗುವ ನಡುಭಾಗಕ್ಕೆ ಬಿಬಿ (ಬಾಟಮ್ ಬ್ರಾಕೆಟ್) ಅನ್ನುತ್ತಾರೆ. ಎಲ್ಲ ಅಳತೆಯೂ ಅಲ್ಲಿಂದಲೇ ಶುರು.

ಹಳೆಯ ಎರಡು ಲೆಕ್ಕಗಳಿವೆ. ಒಂದು, ಇನ್‌ಸೀಮನ್ನು 0.883ರಿಂದ ಗುಣಿಸುವುದು. ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಇದು ಓಡಾಡುತ್ತದೆ. 79 × 0.883 = 69.8 ಸೆಂ.ಮೀ. ಬಿಬಿ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ, ಸೀಟಿನ ಕಂಬದ ಗುಂಟ ಅಳೆಯುವುದು. ಇನ್ನೊಂದು, ಇನ್‌ಸೀಮಿನ 109%. ಇದನ್ನು ಕೆಳಗೆ ಬಂದ ಪೆಡಲ್‌ನಿಂದ ಅಳೆಯಬೇಕು. 79 × 1.09 = 86.1. ಇದರಲ್ಲಿ 17 ಸೆಂ.ಮೀ. ಕ್ರ್ಯಾಂಕ್, ಅಂದರೆ ಬಿಬಿಯಿಂದ ಪೆಡಲ್‌ವರೆಗಿನ ತೋಳು, ಕಳೆದರೆ 69.1.

ಎರಡರ ನಡುವೆ 7 ಮಿ.ಮೀ. ಫರಕು ಬಂತು. ಯಾವುದು ಸರಿ? ಎರಡೂ ಅಂದಾಜೇ. ಲೆಮಾಂಡ್ ಕಾಲದ ಪೆಡಲ್, ಷೂ ಈಗಿನದಕ್ಕಿಂತ ದಪ್ಪ ಇದ್ದವು. ನಾನಾದರೆ ಕಡಿಮೆ ಅಂಕಿಯಿಂದ ಶುರು ಮಾಡಿ, ಎರಡು ಮೂರು ಮಿ.ಮೀ. ಏರಿಸುತ್ತಾ ಹೋಗುತ್ತೇನೆ. ಸೀಟು ಕೆಳಗಿದ್ದರೆ ಮೊಣಕಾಲಿನ ಮುಂಭಾಗ ನೋಯುತ್ತದೆ, ಮೇಲಿದ್ದರೆ ಹಿಂಭಾಗ ನೋಯುತ್ತದೆ, ಸೊಂಟ ಆಚೀಚೆ ಹೊಯ್ದಾಡುತ್ತದೆ. ಟೇಪು ಇಲ್ಲದಾಗ ಹಿಮ್ಮಡಿಯನ್ನು ಪೆಡಲ್ ಮೇಲೆ ಇಟ್ಟು ಕೆಳಗೆ ತನ್ನಿ. ಮೊಣಕಾಲು ಆಗಷ್ಟೇ ನೆಟ್ಟಗಾದರೆ ಸರಿ. ಪಾದದ ಮುಂಭಾಗ ಇಟ್ಟು ತುಳಿದಾಗ, ಕೆಳಗೆ ಬಂದ ಕಾಲಿನ ಮೊಣಕಾಲು 25ರಿಂದ 35 ಡಿಗ್ರಿ ಮಡಚಿರುತ್ತದೆ.

ಇದೆಲ್ಲ ಸೈಕಲ್ ಕೊಳ್ಳುವ ಮೊದಲೇ ಏಕೆ ಬೇಕು? ಸೀಟಿನ ಜಾಗ ಗಟ್ಟಿಯಾಗದೆ ಹ್ಯಾಂಡಲ್ ದೂರವೋ ಹತ್ತಿರವೋ ಅಂತ ಹೇಳಲು ಬರುವುದಿಲ್ಲ.

ಎತ್ತರ ಆದ ಮೇಲೆ ಸೀಟು ಎಷ್ಟು ಹಿಂದೆ ಅನ್ನುವುದು. ಕ್ರ್ಯಾಂಕ್ ನೆಲಕ್ಕೆ ಸಮವಾಗಿ ಮುಂದೆ ಬಂದಾಗ, ಮೊಣಕಾಲ ಚಿಪ್ಪಿನ ಕೆಳಗಿನ ಉಬ್ಬಿನಿಂದ ದಾರ ಇಳಿಬಿಡಿ. ನಟ್ಟು ಪೆಡಲ್‌ನ ನಡುಗೂಟದ ಹತ್ತಿರ ಬಂದರೆ ಸಾಕು. ಇದು ಶಾಸನವೇನಲ್ಲ. ಇನ್ನೂ ಒಳ್ಳೆಯ ಪರೀಕ್ಷೆ ಒಂದಿದೆ. ಸೈಕಲ್ಲನ್ನು ಟ್ರೇನರ್ (ನಿಂತಲ್ಲೇ ತುಳಿಯುವ ಸ್ಟ್ಯಾಂಡು) ಮೇಲೆ ನಿಲ್ಲಿಸಿ ಬಿರುಸಾಗಿ ತುಳಿಯುತ್ತಾ ಎರಡೂ ಕೈ ಒಂದು ಕ್ಷಣ ಎತ್ತಿ ನೋಡಿ. ಮುಂದೆ ಮುಗ್ಗರಿಸಿದಂತಾದರೆ ಸೀಟು ಜಾಸ್ತಿ ಮುಂದಿದೆ, ಮೈಭಾರ ಕೈ ಮೇಲೆ ಬೀಳುತ್ತಿದೆ.

ಅದಕ್ಕೇ ಹೇಳುವುದು, ಹ್ಯಾಂಡಲ್ ದೂರ ಅನ್ನಿಸಿದರೆ ಸೀಟು ಮುಂದೆ ಎಳೆಯಬೇಡಿ. ನಾನು ಮಾಡಿದ ತಪ್ಪು ಇದೇ. ಕೈ ಹತ್ತಿರ ಬಂದವು, ಭಾರವೂ ಕೈ ಮೇಲೆ ಬಂತು, ಜೋಮು ಮೊದಲಿಗಿಂತ ಬೇಗ ಹಿಡಿಯಿತು. ಸೀಟಿನ ನೆಂಟಸ್ತನ ಪೆಡಲ್ ಜೊತೆಗೆ, ಹ್ಯಾಂಡಲ್ ಜೊತೆಗಲ್ಲ.

ಫ್ರೇಮಿನ ಎರಡು ಅಂಕಿ: ಸ್ಟ್ಯಾಕ್, ರೀಚ್

ಫ್ರೇಮಿನ ಮೇಲೆ 52, 54 ಅಂತಲೋ ಎಸ್, ಎಂ ಅಂತಲೋ ಬರೆದಿರುತ್ತದೆ. ಇನ್‌ಸೀಮನ್ನು 0.66ರಿಂದ ಗುಣಿಸಿದರೆ ಆ ಸೈಜ್ ಸಿಗುತ್ತದೆ ಅಂತ ಹಳಬರು ಹೇಳುತ್ತಾರೆ. ನಮ್ಮ ಹುಡುಗನಿಗೆ 52. ಮೇಲಿನ ಪೈಪು ನೆಲಕ್ಕೆ ಸಮನಾಗಿದ್ದ ಕಾಲದ ಲೆಕ್ಕ ಇದು. ಈಗ ಆ ಪೈಪು ಹಿಂದಕ್ಕೆ ಇಳಿಜಾರಾಗಿರುತ್ತದೆ, ಒಂದು ಕಂಪನಿಯ ಎಂ ಇನ್ನೊಂದರ ಎಸ್ ಆಗಿರುತ್ತದೆ. ರೆಡಿಮೇಡ್ ಅಂಗಿ ಇದ್ದ ಹಾಗೆ. ಯಾವ ಕಪಾಟಿನ ಮುಂದೆ ನಿಲ್ಲಬೇಕು ಅಂತ ತಿಳಿಯಲು ಸಾಕು, ಅಷ್ಟೇ.

ನಂಬಬೇಕಾದದ್ದು ಎರಡು ಅಂಕಿ. ಬಿಬಿ ನಡುವಿನಿಂದ ಹೆಡ್ ಟ್ಯೂಬಿನ ಮೇಲಿನ ತುದಿಯವರೆಗೆ ನೇರ ಮೇಲಕ್ಕೆ ಎಷ್ಟು ಎತ್ತರ ಅನ್ನುವುದು ಸ್ಟ್ಯಾಕ್. ಅದೇ ಬಿಬಿಯಿಂದ ಅದೇ ತುದಿಗೆ ಅಡ್ಡಕ್ಕೆ ಎಷ್ಟು ಮುಂದೆ ಅನ್ನುವುದು ರೀಚ್. ಹೆಡ್ ಟ್ಯೂಬ್ ಅಂದರೆ ಹ್ಯಾಂಡಲ್ಲಿನ ಕೆಳಗಿನ ಗಿಡ್ಡ ಪೈಪು. ಸೀಟು ಎಲ್ಲಿದ್ದರೂ ಈ ಎರಡು ಬದಲಾಗುವುದಿಲ್ಲ.

ಮೇಲಿನ ಪೈಪಿನ ಉದ್ದ ನೋಡಿದರೆ ಸಾಲದೇ ಅಂತ ಕೇಳಬಹುದು. ಸಾಲದು. ಎರಡು ಸೈಕಲ್‌ಗಳ ಮೇಲಿನ ಪೈಪು, ನೆಲಕ್ಕೆ ಸಮವಾಗಿ ಅಳೆದಾಗ, 54 ಸೆಂ.ಮೀ. ಅಂತಲೇ ಇರಲಿ, ಸ್ಟ್ಯಾಕ್ ಕೂಡ ಒಂದೇ ಇರಲಿ. ಒಂದರ ಸೀಟ್ ಟ್ಯೂಬ್ (ಸೀಟಿನ ಕಂಬ ಒಳಗೆ ಇಳಿಯುವ ಪೈಪು) ವಾಲಿರುವುದು 73 ಡಿಗ್ರಿ, ಇನ್ನೊಂದರದು 74 ಡಿಗ್ರಿ ಆದರೆ, 74ರದರ ರೀಚ್ ಸುಮಾರು 1 ಸೆಂ.ಮೀ. ಜಾಸ್ತಿ ಇರುತ್ತದೆ. ಸೀಟನ್ನು ಸರಿಯಾದ ಜಾಗಕ್ಕೆ ಹಿಂದೆ ಸರಿಸಿದ ಮೇಲೆ ಆ 1 ಸೆಂ.ಮೀ. ನಿಮ್ಮ ಬೆನ್ನಿಗೆ ಗೊತ್ತಾಗುತ್ತದೆ.

ಸ್ಟ್ಯಾಕನ್ನು ರೀಚಿನಿಂದ ಭಾಗಿಸಿದರೆ ಸೈಕಲ್ಲಿನ ಸ್ವಭಾವ ತಿಳಿಯುತ್ತದೆ. 1.45ಕ್ಕಿಂತ ಕಡಿಮೆ ಬಂದರೆ ಬಗ್ಗಿಸಿ ಓಡಿಸುವ ರೇಸ್ ಫ್ರೇಮು. 1.5ರ ಹತ್ತಿರ ಬಂದರೆ ಅಥವಾ ದಾಟಿದರೆ ದೂರದ ಸವಾರಿಯದು, ಅದನ್ನು ಎಂಡ್ಯೂರೆನ್ಸ್ ಅನ್ನುತ್ತಾರೆ. ಇದು ಒರಟು ಗೆರೆ, ಆದರೂ ಬಣ್ಣ ನೋಡಿ ಮರುಳಾಗುವುದಕ್ಕಿಂತ ವಾಸಿ.

ನಿಮಗೆ ಎಷ್ಟು ಸ್ಟ್ಯಾಕ್, ಎಷ್ಟು ರೀಚ್ ಬೇಕು?

ಕೈ, ಬೆನ್ನಿನ ಅಳತೆಯಿಂದ ನೇರವಾಗಿ ರೀಚ್ ಹೇಳುವ ಸೂತ್ರಗಳಿವೆ. ನನಗೆ ಅವುಗಳ ಮೇಲೆ ನಂಬಿಕೆ ಇಲ್ಲ. ಒಂದೇ ಉದ್ದದ ಬೆನ್ನಿನ ಇಬ್ಬರಲ್ಲಿ ಒಬ್ಬ ಕುಸ್ತಿಯಾಡುವ ಹುಡುಗ, ಇನ್ನೊಬ್ಬ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವನು ಆದರೆ ಸೂತ್ರ ಏನು ಮಾಡೀತು?

ಬೇರೆ ದಾರಿ ಇದೆ. ಒಂದು ಸೈಕಲ್ ಎರವಲು ತಂದು, ಅದರಲ್ಲಿ ಹಾಯಾದ ಕೂರುವಿಕೆ ಹುಡುಕಿ, ಆ ಸೈಕಲ್ಲನ್ನೇ ಅಳೆಯುವುದು. ಸೈಕ್ಲಿಂಗ್‌ಗೆ ಹೆಸರಾದ ವಿಜಯಪುರ, ಬಾಗಲಕೋಟೆ ಕಡೆ ರೋಡ್ ಬೈಕ್ ಇರುವವರಿಗೆ ಬರವಿಲ್ಲ. ನಸುಕಿನಲ್ಲಿ ಗೋಳಗುಮ್ಮಟದ ರಸ್ತೆಗೆ ಹೋಗಿ ನಿಂತರೆ ನಿಮ್ಮ ಎತ್ತರದವರು ಒಬ್ಬರಾದರೂ ಸಿಕ್ಕಾರು. "ಅಣ್ಣಾರ, ಒಂದ ತಾಸು ಕೊಡ್ತೀರೇನು?" ಅಂತ ಕೇಳಿ. ಕೊಡುತ್ತಾರೆ. ಚಹಾ ಕುಡಿಸುವುದು ನಿಮ್ಮ ಕೆಲಸ.

ಮೊದಲು ಅವರ ಸೀಟಿನ ಎತ್ತರ ಗುರುತು ಮಾಡಿಕೊಳ್ಳಿ, ವಾಪಸ್ ಕೊಡುವಾಗ ಹಾಗೇ ಇಡಬೇಕಲ್ವಾ. ಆಮೇಲೆ ನಿಮ್ಮ ಎತ್ತರಕ್ಕೆ ಸೀಟು ಇಟ್ಟು, ಬ್ರೇಕ್ ಹಿಡಿಯ ಮೇಲಿನ ರಬ್ಬರ್ ಹುಡ್ ಮೇಲೆ ಕೈ ಇಟ್ಟು ಓಡಿಸಿ. ಮೊಣಕೈ ಸ್ವಲ್ಪ ಮಡಚಿರಬೇಕು. ಭುಜ ಕಿವಿಗೆ ಏರಿರಬಾರದು. ಕನಿಷ್ಠ ಅರ್ಧ ತಾಸು ಓಡಿಸಿ, ಐದು ನಿಮಿಷದಲ್ಲಿ ಎಲ್ಲ ಸೈಕಲ್ಲೂ ಚೆನ್ನಾಗೇ ಅನ್ನಿಸುತ್ತದೆ. ಹ್ಯಾಂಡಲ್ಲಿನ ಕೆಳಗಿನ ಉಂಗುರಗಳನ್ನು, ಅಂದರೆ ಸ್ಪೇಸರ್‌ಗಳನ್ನು, ಮೇಲೆ ಕೆಳಗೆ ಮಾಡಿ ನೋಡಿ.

ಹಾಯೆನಿಸಿದ ಮೇಲೆ ಅಳತೆ. ಸಮ ನೆಲದಲ್ಲಿ ಹಿಂದಿನ ಚಕ್ರ ಗೋಡೆಗೆ ತಾಗಿಸಿ ಸೈಕಲ್ ನೆಟ್ಟಗೆ ನಿಲ್ಲಿಸಿ. ನೆಲದಿಂದ ಬಿಬಿ ನಡುವಿಗೆ, ನೆಲದಿಂದ ಹೆಡ್ ಟ್ಯೂಬ್ ತುದಿಗೆ ಅಳೆದು ಕಳೆಯಿರಿ. ಸ್ಟ್ಯಾಕ್ ಬಂತು. ಗೋಡೆಯಿಂದ ಬಿಬಿ ನಡುವಿಗೆ, ಗೋಡೆಯಿಂದ ಹೆಡ್ ಟ್ಯೂಬ್ ತುದಿಗೆ ಅಡ್ಡಕ್ಕೆ ಅಳೆದು ಕಳೆಯಿರಿ. ರೀಚ್ ಬಂತು. ಎತ್ತರದಿಂದ ದಾರ ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿದರೆ ಅಡ್ಡ ಅಳತೆ ಸುಲಭ.

ನಾವು ತಂದ ಸೈಕಲ್ಲಿನಲ್ಲಿ ನೆಲದಿಂದ 27 ಮತ್ತು 81.5, ಅಂದರೆ ಸ್ಟ್ಯಾಕ್ 54.5 ಸೆಂ.ಮೀ. ಗೋಡೆಯಿಂದ 75 ಮತ್ತು 113.2, ರೀಚ್ 38.2 ಸೆಂ.ಮೀ. ಹುಡುಗನಿಗೆ ಹಾಯೆನಿಸಿದಾಗ 20 ಮಿ.ಮೀ. ಸ್ಪೇಸರ್, 100 ಮಿ.ಮೀ. ಸ್ಟೆಮ್ ಇತ್ತು. ಸ್ಟೆಮ್ ಅಂದರೆ ಹ್ಯಾಂಡಲನ್ನು ಮುಂದೆ ಹಿಡಿಯುವ ಗಿಡ್ಡ ತೋಳು. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಎರಡು ಸೈಕಲ್‌ಗಳ ನಡುವೆ ಆಯ್ಕೆ

ಇಲ್ಲಿ ಒಂದು ಲೆಕ್ಕ ಗೊತ್ತಿರಲೇಬೇಕು. ಹೆಡ್ ಟ್ಯೂಬ್ ನೆಟ್ಟಗಿಲ್ಲ, ಸುಮಾರು 73 ಡಿಗ್ರಿಗೆ ಹಿಂದೆ ವಾಲಿರುತ್ತದೆ. ಹಾಗಾಗಿ ಹ್ಯಾಂಡಲ್ 10 ಮಿ.ಮೀ. ಮೇಲೆ ಬಂದರೆ ಸುಮಾರು 3 ಮಿ.ಮೀ. ಹಿಂದೆಯೂ ಬರುತ್ತದೆ. ಎರಡು ಫ್ರೇಮುಗಳ ರೀಚನ್ನು ಹಾಗೇ ಪಕ್ಕಪಕ್ಕ ಇಟ್ಟರೆ ಮೋಸ ಹೋಗುತ್ತೀರಿ. ಮೊದಲು ಸ್ಟ್ಯಾಕ್ ಸಮ ಮಾಡಿಕೊಳ್ಳಬೇಕು.

ನಮ್ಮ ಮುಂದೆ ಎರಡು ಸೈಕಲ್ ಇದ್ದವು. ಮೊದಲನೆಯದು ರೇಸ್ ಫ್ರೇಮು, ಸೈಜ್ ಎಂ, ಸ್ಟ್ಯಾಕ್ 52.7, ರೀಚ್ 38.4. ಎರಡನೆಯದು ಎಂಡ್ಯೂರೆನ್ಸ್, ಸೈಜ್ ಎಸ್, ಸ್ಟ್ಯಾಕ್ 55.5, ರೀಚ್ 37.6. ಹುಡುಗನ ಕಣ್ಣು ಮೊದಲನೆಯದರ ಮೇಲೆ. "ನಾ ಎಂ ಸೈಜ್ ಮಾಮಾ, ಎಸ್ ಹುಡುಗರದ" ಅಂತ ವಾದ.

ಚೀಟಿ ತೆಗೆದೆವು. ಎರವಲು ಸೈಕಲ್ಲಿಗಿಂತ ಎಂಡ್ಯೂರೆನ್ಸಿನ ಸ್ಟ್ಯಾಕ್ 10 ಮಿ.ಮೀ. ಜಾಸ್ತಿ. ಆ ಎತ್ತರದಲ್ಲಿ ಅವನಿಗೆ ಬೇಕಾದ ರೀಚ್ 38.2ರಲ್ಲಿ 0.3 ಕಳೆದು 37.9. ಇರುವುದು 37.6. ಫರಕು 3 ಮಿ.ಮೀ. ಮಾತ್ರ. ಅದೇ 100 ಮಿ.ಮೀ. ಸ್ಟೆಮ್, 20ರ ಬದಲು 10 ಮಿ.ಮೀ. ಸ್ಪೇಸರ್ ಸಾಕು.

ರೇಸ್ ಫ್ರೇಮಿನ ಸ್ಟ್ಯಾಕ್ 18 ಮಿ.ಮೀ. ಕಡಿಮೆ. ಹ್ಯಾಂಡಲ್ ಅದೇ ಎತ್ತರಕ್ಕೆ ಬರಲು 38–39 ಮಿ.ಮೀ. ಸ್ಪೇಸರ್ ಪೇರಿಸಬೇಕು. ಕಾರ್ಬನ್ ಫೋರ್ಕ್‌ಗಳಲ್ಲಿ, ಅಂದರೆ ಮುಂದಿನ ಚಕ್ರ ಹಿಡಿಯುವ ಕವಲಿನಲ್ಲಿ, ಎಷ್ಟೋ ಕಂಪನಿಗಳು 30–40 ಮಿ.ಮೀ. ಆಸುಪಾಸಿಗೇ ಮಿತಿ ಹಾಕುತ್ತವೆ. ಬೇಕಾದಷ್ಟು ಎತ್ತರವೇ ಸಿಗದ ಫ್ರೇಮು ನಮಗೇಕೆ? ಎಸ್ ಅನ್ನೇ ತಂದೆವು.

ನಿಮ್ಮ ಲೆಕ್ಕದಲ್ಲಿ 10 ಮಿ.ಮೀ. ಆಚೀಚೆ ಬಂದರೆ ಹೆದರಬೇಡಿ. ಸ್ಟೆಮ್‌ಗಳು 80, 90, 100, 110 ಹೀಗೆ ಸಿಗುತ್ತವೆ, ಅಲ್ಯೂಮಿನಿಯಂದು ದುಬಾರಿಯೂ ಅಲ್ಲ. ಹ್ಯಾಂಡಲ್‌ಗೂ ತನ್ನದೇ ರೀಚ್, ಅಂದರೆ ಅದು ಮುಂದಕ್ಕೆ ಚಾಚುವ ಉದ್ದ, ಇರುತ್ತದೆ. 85 ಮಿ.ಮೀ.ನದು ತೆಗೆದು 75ರದು ಹಾಕಿದರೆ ಕೈ 1 ಸೆಂ.ಮೀ. ಹತ್ತಿರ ಬರುತ್ತವೆ. ಆದರೆ ಸರಿಮಾಡಲು 70 ಮಿ.ಮೀ. ಸ್ಟೆಮ್ ಬೇಕು ಅಂತ ಲೆಕ್ಕ ಬಂದರೆ ಫ್ರೇಮು ದೊಡ್ಡದಾಯಿತು, ಬಿಟ್ಟುಬಿಡಿ. ಹ್ಯಾಂಡಲ್ಲೂ ಸ್ಟೆಮ್ಮೂ ಒಂದೇ ತುಂಡಾಗಿರುವ ಹೊಸ ಸೈಕಲ್‌ಗಳಲ್ಲಿ ಈ ಬದಲಾವಣೆ ಸುಲಭವಲ್ಲ. ಮೊದಲ ರೋಡ್ ಬೈಕ್ ಕೊಳ್ಳುವವರು ಅದರಿಂದ ದೂರ ಇರುವುದೇ ಮೇಲು.

ಕ್ರ್ಯಾಂಕ್ 165, 170, 172.5, 175 ಮಿ.ಮೀ. ಬರುತ್ತದೆ. ಗಿಡ್ಡ ಕಾಲಿನವರು 165 ಅಥವಾ 170 ಕೇಳಿ. ಅದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಸೊಲ್ಲಾಪುರ, ಪುಣೆ, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತರಿಸುವವರು ಮಾರುವವರಿಗೆ ಗೋಡೆ–ನೆಲದ ಆ ನಾಲ್ಕು ಅಳತೆಗಳನ್ನು ಟೇಪು ಕಾಣುವ ಹಾಗೆ ಫೋಟೊ ತೆಗೆದು ಕಳಿಸಲು ಹೇಳಿ. ಸೀಟಿನ ಕಂಬ ಮೇಲೆ ಕೆಳಗೆ ಸರಿಯುತ್ತದಾ ಅಂತ ವಿಡಿಯೊ ಕೇಳಿ. ಎಷ್ಟೋ ಹಳೆ ಸೈಕಲ್ಲಿನಲ್ಲಿ ಅದು ತುಕ್ಕಿಗೆ ಕಚ್ಚಿಕೊಂಡಿರುತ್ತದೆ, ಆಮೇಲೆ ಅಳತೆ ಎಲ್ಲ ವ್ಯರ್ಥ.

ಬೆಳೆಯುವ ಮಕ್ಕಳಿಗೆ

ನಮ್ಮ ಕಡೆ ಹದಿಮೂರು ಹದಿನಾಲ್ಕರ ಮಕ್ಕಳೂ ರೇಸಿಗೆ ಇಳಿಯುತ್ತಾರೆ. ಅಂಗಡಿಯಲ್ಲಿ ಅಪ್ಪಂದಿರ ಮಾತು ಒಂದೇ, "ಒಂದ ಸೈಜ್ ದೊಡ್ಡದ ಕೊಡ್ರಿ, ಬೆಳೆಯೋ ಹುಡುಗ". ಶಾಲೆಯ ಯೂನಿಫಾರಂ ಹೊಲಿಸುವ ಲೆಕ್ಕ ಇದು. ಅಂಗಿಯ ತೋಳು ಮಡಚಬಹುದು, ಫ್ರೇಮು ಮಡಚಲು ಬರುವುದಿಲ್ಲ. ಸ್ವಲ್ಪ ಸಣ್ಣ ಫ್ರೇಮಿನಲ್ಲಿ ಸೀಟು ಏರಿಸಿ, ಉದ್ದ ಸ್ಟೆಮ್ ಹಾಕಿ ಒಂದೆರಡು ವರ್ಷ ತಳ್ಳಬಹುದು. ಮೂರು ನಾಲ್ಕು ತಿಂಗಳಿಗೊಮ್ಮೆ ಇನ್‌ಸೀಮ್ ಅಳೆದು ಸೀಟು ಏರಿಸಿ. ಸೀಟಿನ ಕಂಬದ ಮೇಲೆ ಇಷ್ಟಕ್ಕಿಂತ ಹೊರಗೆ ಎಳೆಯಬಾರದು ಅಂತ ಗೆರೆ ಇರುತ್ತದೆ. ಅದು ಹೊರಗೆ ಕಂಡ ದಿನ ಹೊಸ ಫ್ರೇಮು ಹುಡುಕಬೇಕು, ಇಲ್ಲದಿದ್ದರೆ ಕಂಬ ಮುರಿಯಬಹುದು.

ತಂದ ಮೇಲೆ ಮೊದಲ ವಾರ

ಮೊದಲು 15–20 ಕಿ.ಮೀ. ಸಾಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೂ ಎರಡು ಮೂರು ಮಿ.ಮೀ. ಮಾತ್ರ. ಸೀಟನ್ನೂ ಸ್ಟೆಮ್ಮನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ನೋವು ಹೋಯಿತೋ ಬಂತೋ ತಿಳಿಯುವುದಿಲ್ಲ. ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ಇಳಿದಾಗ ಕೈ ಜೋಮು ಹಿಡಿದರೆ ಮೊದಲು ಟಯರ್ ಗಾಳಿ ನೋಡಿ. ಗಟ್ಟಿ ಗಾಳಿ ತುಂಬಿದ 25 ಮಿ.ಮೀ. ಟಯರಿನ ನಡುಕವನ್ನು ಎಷ್ಟೋ ಜನ ಅಳತೆಯ ತಪ್ಪು ಅಂದುಕೊಳ್ಳುತ್ತಾರೆ. ನಮ್ಮ ರಸ್ತೆಗೆ 28, ಫ್ರೇಮಿನಲ್ಲಿ ಜಾಗ ಇದ್ದರೆ 32 ಹಾಕಿ.

ಹುಡುಗ ಎರಡನೇ ಭಾನುವಾರ ಸೊಲ್ಲಾಪುರ ರಸ್ತೆಯಲ್ಲಿ 60 ಕಿ.ಮೀ. ಹೋಗಿಬಂದ. ದಾರಿಯಿಂದಲೇ ಫೋನು. "ಮಾಮಾ, ಕೈ ಏನ್ ಜೋಮ ಹಿಡಿದಿಲ್ಲ, ಕುತ್ತಿಗಿ ಆರಾಮ ಅದ. ಖರೆ, ಕುಂಡಿ ಭಾಳ ನೋಯಾಕತ್ತದ."

ಪಾರ್ಸೆಲ್ ಡಬ್ಬ ಇನ್ನೂ ಎಸೆದಿಲ್ಲ, ಸಂಜೆ ಬಾ ಅಂದೆ.